2010ರ ಪ್ರತಿಭಟನೇಲಿ ಬ್ಯಾಂಕಾಕಲ್ಲಿ ಅಷ್ಟು ಜನ ಸತ್ರಲ್ಲ, ಕೊನೆಗೆ ಯಾರಿಗಾದ್ರೂ ಶಿಕ್ಷೆ ಆಯ್ತಾ?

ಸುಮ್ನೆ_ಸುತ್ತೋನು

ಅಪ್ಪ ಅಮ್ಮನ್ನ ಕರ್ಕೊಂಡು ಮೊನ್ನೆ ಬ್ಯಾಂಕಾಕಿಗೆ ಹೋಗಿ ಬಂದೆ. ಎಲ್ರೂ ಇಳಿಯೋ ಪ್ರತುನಾಮಲ್ಲೇ ನಮ್ದೂ ಹೋಟೆಲ್, ಕೆಳಗಿಳಿದ್ರೆ ಇಡ್ಲಿ ದೋಸೆ ಸಿಗುತ್ತೆ ಅನ್ನೋದೊಂದೇ ಕಾರಣ. ಎರಡನೇ ದಿನ ಎರಾವಾನ್ ಗುಡಿಗೆ ಹೋದ್ವಿ, ನಾಲ್ಕು ಮುಖದ ಬ್ರಹ್ಮ, ನಮ್ಮೂರಲ್ಲಿ ಬ್ರಹ್ಮನಿಗೆ ಗುಡಿ ಎಲ್ಲಿದೆ ಹೇಳು ಅಂತ ಅಮ್ಮನಿಗೆ ಖುಷಿಯೋ ಖುಷಿ, ನಾಲ್ಕೂ ಕಡೆ ಸುತ್ತಿ ಊದುಬತ್ತಿ ಹಚ್ಚಿದ್ರು. ನಮ್ಮ ಗೈಡ್ ಐವತ್ತರ ಆಸುಪಾಸಿನ ಮನುಷ್ಯ, ಉದೋನ್ ಥಾನಿ ಕಡೆಯವನು. ಸ್ಕೈವಾಕ್ ಮೇಲೆ ನಿಂತು ಸೆಂಟ್ರಲ್‌ವರ್ಲ್ಡ್ ಮಾಲ್ ತೋರಿಸಿ "ಇದು 2010ರಲ್ಲಿ ಸುಟ್ಟು ಹೋಗಿತ್ತು, ನಾನೂ ಇಲ್ಲೇ ಇದ್ದೆ" ಅಂದ. ಆಮೇಲೆ ಪಕ್ಕದ ದೇವಸ್ಥಾನದ ಕಡೆ ಗಲ್ಲ ಎತ್ತಿ ತೋರಿಸಿ "ಅಲ್ಲಿ ಆರು ಜನ" ಅಂದವನು ಮುಂದಕ್ಕೆ ಹೇಳ್ಲಿಲ್ಲ. ಗುಂಡು ಹೊಡೆದವರಿಗೆ ಜೈಲಾಯ್ತಾ ಅಂತ ನಾನು ಕೇಳಿದ್ದಕ್ಕೆ ಸುಮ್ನೆ ನಕ್ಕ, ನಕ್ಕು ನೀಲದ ಉಂಗುರದ ಅಂಗಡಿಗೆ ಕರ್ಕೊಂಡೋಗ್ತೀನಿ ಬನ್ನಿ ಅಂದ.

ರಾತ್ರಿ ರೂಮಲ್ಲಿ ಕೂತು ಓದೋಕೆ ಶುರು ಮಾಡಿದೆ, ತಲೆ ಗಿರ್ ಅಂತು. ಆ ದೇಶದಲ್ಲಿ ಕೇಸ್ ಇಲ್ಲದ ಲೀಡರೇ ಇಲ್ಲ. ಮಾಜಿ ಪ್ರಧಾನಿ ಥಕ್ಸಿನ್ ಮೇಲೆ ಕೇಸು, ತಂಗಿ ಯಿಂಗ್ಲಕ್ ಮೇಲೆ ಕೇಸು, ಅವರ ವಿರೋಧಿ ಅಭಿಸಿತ್ ಮೇಲೆ ಕೊಲೆ ಕೇಸು, ಸುಥೆಪ್ ಅನ್ನೋರ ಮೇಲೆ ದಂಗೆ ಕೇಸು. ಒಬ್ಬ ಪ್ರಧಾನಿ ಟೀವೀಲಿ ಅಡುಗೆ ಕಾರ್ಯಕ್ರಮ ನಡೆಸಿದ್ದಕ್ಕೆ ಕುರ್ಚಿ ಕಳ್ಕೊಂಡ ಅಂತ ಬೇರೆ ಬರೆದಿದ್ರು, ಇದು ನಿಜಾನಾ ಇಲ್ಲಾ ಯಾರೋ ತಮಾಷೆಗೆ ಬರೆದಿದ್ದಾ?

ನನ್ನ ಪ್ರಶ್ನೆ ಇಷ್ಟೇ. ಇಷ್ಟೊಂದು ಕೋರ್ಟು ಕೇಸು ಇರೋ ದೇಶದಲ್ಲಿ ರಸ್ತೇಲಿ ಸತ್ತವರ ಬಗ್ಗೆ ಕೊನೆಗೆ ಏನಾಯ್ತು? ಕೆಂಪು ಶರ್ಟು ಹಳದಿ ಶರ್ಟು ಯಾರು ಯಾರು ಅಂತಾನೂ ಯಾರಾದ್ರೂ ಬಿಡಿಸಿ ಹೇಳಿದ್ರೆ ಪುಣ್ಯ ಬರುತ್ತೆ.

ಸೀಲೋಂ_ಕಾಫಿ

ನಾನು 2007ರಿಂದ 2015ರ ತನಕ ಅಲ್ಲೇ ಇದ್ದೆ, ಸೀಲೋಂ ರಸ್ತೆಯ ಒಂದು ಆಫೀಸಲ್ಲಿ ಅಕೌಂಟ್ಸ್ ಕೆಲಸ. ಅಡುಗೆ ವಿಷ್ಯ ನೂರಕ್ಕೆ ನೂರು ನಿಜ ಸ್ವಾಮಿ. ಸಮಕ್ ಅಂತ ಪ್ರಧಾನಿ, ಖಾಸಗಿ ಕಂಪನಿ ನಡೆಸ್ತಿದ್ದ ಅಡುಗೆ ಶೋಗೆ ದುಡ್ಡು ತಗೊಂಡಿದ್ದ, 2008ರ ಸೆಪ್ಟೆಂಬರ್ 9ಕ್ಕೆ ಸಾಂವಿಧಾನಿಕ ನ್ಯಾಯಾಲಯ ಅವನ್ನ ಕೆಳಗಿಳಿಸಿತು. ಅವನು ನಾನು ಆ ಕಂಪನಿ ನೌಕರ ಅಲ್ಲ ಅಂದ, ಕೋರ್ಟು ಡಿಕ್ಷನರಿ ತೆಗೆದು ನೌಕರ ಅನ್ನೋ ಪದದ ಅರ್ಥ ನೋಡಿ ನೀನು ನೌಕರನೇ ಅಂತು. ನಮ್ಮ ಆಫೀಸಿನ ಹುಡುಗೀರು ಒಂದು ವಾರ ಅದನ್ನೇ ಹೇಳ್ಕೊಂಡು ನಗ್ತಿದ್ರು.

ಶರ್ಟಿನ ಕಥೆ ಚಿಕ್ಕದಾಗಿ ಹೇಳ್ತೀನಿ. ಥಕ್ಸಿನ್ ಟೆಲಿಕಾಂ ಶ್ರೀಮಂತ, 2001ರಲ್ಲಿ ಪ್ರಧಾನಿ ಆದ, ಅಲ್ಲಿನ ದುಡ್ಡಲ್ಲಿ 30 ಬಾತ್ ಕೊಟ್ರೆ ಆಸ್ಪತ್ರೇಲಿ ಚಿಕಿತ್ಸೆ ಅನ್ನೋ ಸ್ಕೀಮ್ ತಂದ, ಉತ್ತರದವರು, ಈಶಾನ್ಯದ ಇಸಾನ್ ಕಡೆಯವರು ಅವನನ್ನ ದೇವ್ರ ಥರ ನೋಡ್ತಾರೆ, ನಿಮ್ಮ ಗೈಡ್ ಉದೋನ್ ಕಡೆಯವನು ಅಂದಾಗ್ಲೇ ನಂಗೆ ಅರ್ಥ ಆಯ್ತು. ಬ್ಯಾಂಕಾಕಿನ ಮಧ್ಯಮ ವರ್ಗ, ಸೇನೆ, ಅರಮನೆ ಸುತ್ತಲಿನವರಿಗೆ ಅವನು ಕಳ್ಳ, ದುಡ್ಡಲ್ಲಿ ಓಟು ಕೊಂಡವನು. ಇವರು ಹಳದಿ, ಅವರು ಕೆಂಪು. 2006ರ ಸೆಪ್ಟೆಂಬರ್ 19ಕ್ಕೆ ಅವನು ನ್ಯೂಯಾರ್ಕಲ್ಲಿದ್ದಾಗ ಸೇನೆ ಟ್ಯಾಂಕ್ ತಂದು ಸರ್ಕಾರ ಕಿತ್ತಾಕಿತು. ಅಲ್ಲಿಂದ ಶುರುವಾಗಿದ್ದು ಇನ್ನೂ ಮುಗಿದಿಲ್ಲ.

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. 2008ರಲ್ಲಿ ಹಳದಿಯವರ ಕೈಲಿ ಪ್ಲಾಸ್ಟಿಕ್ ಚಪ್ಪಾಳೆ ಇರ್ತಿತ್ತು, ಅಂಗೈ ಆಕಾರದ್ದು, ಅಲ್ಲಾಡಿಸಿದ್ರೆ ಟಕ ಟಕ ಅನ್ನುತ್ತೆ, ಸಾವಿರಾರು ಜನ ಒಟ್ಟಿಗೆ ಅಲ್ಲಾಡಿಸಿದ್ರೆ ತಗಡಿನ ಮೇಲೆ ಮಳೆ ಬಿದ್ದಂಗೆ ಕೇಳ್ಸೋದು. ಕೆಂಪಿನವರು ಅದಕ್ಕೆ ಉತ್ತರವಾಗಿ ಪಾದದ ಆಕಾರದ್ದು ಮಾಡಿಸ್ಕೊಂಡ್ರು. ಅಲ್ಲಿ ಕಾಲು ತೋರ್ಸೋದು ಅಂದ್ರೆ ನಮ್ಮಲ್ಲಿ ಚಪ್ಪಲಿ ತೋರಿಸಿದ ಹಾಗೆ. 2013-14ರಲ್ಲಿ ಯಿಂಗ್ಲಕ್ ಸರ್ಕಾರದ ವಿರುದ್ಧ ಬೀದಿಗಿಳಿದ ಸುಥೆಪ್ ಕಡೆಯವರು ಶಿಳ್ಳೆ ಊದ್ತಿದ್ರು, ಕುತ್ತಿಗೇಲಿ ಬಾವುಟದ ಬಣ್ಣದ ದಾರ, ಅದರಲ್ಲೊಂದು ಪೀಪಿ. ಬೀದಿ ಬದಿ ಅಂಗಡಿಯವನು ಮಾತ್ರ ಅದೇ, ಮೂರೂ ಸೀಸನ್ನಿಗೂ ಮೂರು ಥರದ ಮಾಲು ಇಟ್ಕೊಂಡಿದ್ದ.

2008ರ ನವೆಂಬರ್ 25ಕ್ಕೆ ಹಳದಿಯವರು ಥಕ್ಸಿನ್ ಕಡೆಯ ಸರ್ಕಾರ ಇಳೀಲಿ ಅಂತ ಸುವರ್ಣಭೂಮಿ ಏರ್‌ಪೋರ್ಟಿಗೇ ನುಗ್ಗಿ ಕೂತ್ರು, ಲಕ್ಷಗಟ್ಟಲೆ ಪ್ಯಾಸೆಂಜರ್ ಸಿಕ್ಕಾಕ್ಕೊಂಡ್ರು. ಅದೇ ವಾರ ನಮ್ಮ ಅತ್ತೆ ಮಾವ ವಾಪಸ್ ಹೊರಡ್ಬೇಕಿತ್ತು. ಯು-ತಪಾವ್ ಅಂತ ನೌಕಾಪಡೆ ವಿಮಾನ ನಿಲ್ದಾಣ ಇದೆ, ಅಲ್ಲಿಗೆ ಬಸ್ಸಲ್ಲಿ ಕರ್ಕೊಂಡೋಗಿ ಇಡೀ ರಾತ್ರಿ ಸೂಟ್‌ಕೇಸ್ ಮೇಲೆ ಕೂರಿಸಿ ಕಳಿಸಿದ್ದು, ಅತ್ತೆ ಇವತ್ತಿಗೂ ಥಾಯ್ಲೆಂಡ್ ಹೆಸರೆತ್ತಿದ್ರೆ ಕೈ ಮುಗೀತಾರೆ. ಇದಕ್ಕೇನು ಶಿಕ್ಷೆ ಆಯ್ತು ಅಂದ್ರೆ, ಏರ್‌ಪೋರ್ಟ್ ಸ್ಟೇಜ್ ಮೇಲೆ ಭಾಷಣ ಬಿಗಿದ ಕಸಿತ್ ಅನ್ನೋರು ಅದೇ ಡಿಸೆಂಬರಲ್ಲಿ ಹೊಸದಾಗಿ ಬಂದ ಅಭಿಸಿತ್ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿ ಆದ್ರು. ಮುಖಂಡರು ಏರ್‌ಪೋರ್ಟಿಗೆ 52 ಕೋಟಿ ಬಾತ್ ಪರಿಹಾರ ಕಟ್ಟಬೇಕು ಅಂತ ಸಿವಿಲ್ ಕೇಸಲ್ಲಿ ತೀರ್ಪಾಯ್ತು, ಅದು ಬಿಟ್ರೆ ಭಯೋತ್ಪಾದನೆ ಕೇಸು 15 ವರ್ಷ ಎಳೆದು 2024ರ ಜನವರೀಲಿ ಖುಲಾಸೆ, ಕೆಲವರಿಗೆ 20,000 ಬಾತ್ ದಂಡ. ಅಷ್ಟು ದುಡ್ಡು ನಮ್ಮ ಮಾವ ಟಿಕೆಟಿಗೇ ಕಳ್ಕೊಂಡಿದ್ರು ಅನ್ನಿ.

2010ರದ್ದು ಬೇರೆ ಲೆಕ್ಕ, ಅದು ಮರೆಯೋಕಾಗಲ್ಲ. ಅಭಿಸಿತ್ ಸರ್ಕಾರದ ವಿರುದ್ಧ ಕೆಂಪಿನವರು ಆ ಮಾಲ್ ಮುಂದಿನ ರಾಚಪ್ರಸೋಂಗ್ ಜಂಕ್ಷನ್ ಹಿಡ್ಕೊಂಡು ಕೂತಿದ್ರು, ಬಿದಿರು ಚೂಪು ಮಾಡಿ ಟೈರ್ ಮೇಲೆ ಟೈರ್ ಪೇರಿಸಿ ಕೋಟೆ ಕಟ್ಟಿದ್ರು, ಅದರ ದಕ್ಷಿಣದ ತುದಿ ನಮ್ಮ ಸೀಲೋಂ ರಸ್ತೆ ಬಾಯಿಗೇ ಬಂದಿತ್ತು. ಏಪ್ರಿಲ್ 22ರ ರಾತ್ರಿ ಸಾಲಾಡೆಂಗ್ ಮೆಟ್ರೋ ಸ್ಟೇಷನ್ ಮೇಲೆ ಗ್ರೆನೇಡ್ ಬಿತ್ತು, ಒಬ್ರು ಸತ್ರು, ಎಷ್ಟೋ ಜನಕ್ಕೆ ಗಾಯ. ನಾನು ಅದೇ ಮೆಟ್ಟಿಲು ಇಳಿದು ಮನೆಗೆ ಹೋಗಿ ಎರಡು ಗಂಟೆ ಆಗಿತ್ತಷ್ಟೆ. ಅದಕ್ಕೇ ಹೇಳೋದು, ಕೆಂಪು ಕಡೆ ಆಯುಧ ಇರೋರು ಯಾರೂ ಇರ್ಲಿಲ್ಲ ಅನ್ನೋದು ಸುಳ್ಳು, ಏಪ್ರಿಲ್ 10ಕ್ಕೆ ಸೇನೆಯವರೂ ಸತ್ತಿದ್ದಾರೆ, ಒಬ್ಬ ಕರ್ನಲ್ ಸತ್ತಿದ್ದಾನೆ. ಹಾಗಂತ ಸತ್ತ 90ಕ್ಕೂ ಹೆಚ್ಚು ಜನರಲ್ಲಿ ಹೆಚ್ಚಿನವರ ಕೈಲಿ ಏನಿತ್ತು? ನೀರಿನ ಬಾಟ್ಲು, ಕ್ಯಾಮರಾ, ಕವಣೆ. ನಿಮ್ಮ ಪ್ರತುನಾಮ್ ಪಕ್ಕದಲ್ಲೇ ರಾಚಪ್ರಾರೋಪ್ ರಸ್ತೆ ಇದ್ಯಲ್ಲ, ಅಲ್ಲಿ ಮೇ ತಿಂಗಳಲ್ಲಿ ಸೇನೆ ಬ್ಯಾನರ್ ಕಟ್ಟಿತ್ತು, "ಇದು ಗುಂಡು ಹಾರಿಸುವ ವಲಯ" ಅಂತ, ಇಂಗ್ಲಿಷಲ್ಲೂ. ಊರೊಳಗಿನ ರಸ್ತೇಲಿ! ಮೇ 19ಕ್ಕೆ ಸೇನೆ ನುಗ್ಗಿತು, ಲೀಡರ್ಸ್ ಶರಣಾದ್ರು, ಮಾಲ್ ಹೊತ್ಕೊಂಡು ಉರೀತು, ಆ ಸಂಜೆ ಗುಂಡಿಗೆ ಹೆದರಿ ದೇವಸ್ಥಾನದೊಳಗೆ ಸೇರ್ಕೊಂಡವರಲ್ಲಿ ಆರು ಜನ ಸತ್ರು. ಅದರಲ್ಲೊಬ್ಬಳು ಗಾಯಾಳುಗಳಿಗೆ ಪಟ್ಟಿ ಕಟ್ತಿದ್ದ ಸ್ವಯಂಸೇವಕಿ ನರ್ಸ್ ಹುಡುಗಿ.

ಶಿಕ್ಷೆ ವಿಷ್ಯ ಗೊತ್ತಿರೋರು ಯಾರಾದ್ರೂ ಬರೀರಿ, ಕಾನೂನು ನನ್ನ ತಲೆಗೆ ಹತ್ತಲ್ಲ.

ನೇರ_ನುಡಿ_77

ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದ್ರೆ ಓದಿದ್ರೆ ಥಕ್ಸಿನ್ ಪಾಪದ ಮನುಷ್ಯ, 30 ರೂಪಾಯಿ ಡಾಕ್ಟ್ರು ಅನ್ನಿಸಿಬಿಡುತ್ತೆ. ಸ್ವಲ್ಪ ತಡೀರಿ. 2006ರ ಜನವರೀಲಿ ಮನೆಯವರ ಕಂಪನಿ ಶಿನ್ ಕಾರ್ಪ್ ಷೇರುಗಳನ್ನ ಸಿಂಗಾಪುರದ ಟೆಮಾಸೆಕ್‌ಗೆ 7,300 ಕೋಟಿ ಬಾತಿಗೆ ಮಾರಿದ್ರು, ತೆರಿಗೆ ಎಷ್ಟು ಕಟ್ಟಿದ್ರು ಗೊತ್ತಾ? ಸೊನ್ನೆ. ಜನ ಬೀದಿಗೆ ಬಂದಿದ್ದು ಸುಮ್ನೆ ಅಲ್ಲ. 2010ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ಅವನ 4,600 ಕೋಟಿ ಬಾತ್ ಮುಟ್ಟುಗೋಲು ಹಾಕಿದ್ದು ಇದೇ ಥರದ ಅಧಿಕಾರ ದುರುಪಯೋಗಕ್ಕೆ.

ಮತ್ತೆ ಹೆಣದ ಲೆಕ್ಕ ಹಾಕೋದಾದ್ರೆ ಅವನಿಂದ್ಲೇ ಶುರು ಮಾಡಿ. 2003ರಲ್ಲಿ ಡ್ರಗ್ಸ್ ವಿರುದ್ಧ ಸಮರ ಅಂತ ಘೋಷಿಸಿ ಮೂರೇ ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಹೋದ್ರು. 2004ರ ಅಕ್ಟೋಬರ್ 25, ರಂಜಾನ್ ಉಪವಾಸದ ಟೈಮು, ದಕ್ಷಿಣದ ತಾಕ್ ಬಾಯ್ ಪೊಲೀಸ್ ಠಾಣೆ ಮುಂದೆ ಮುಸ್ಲಿಮರು ಪ್ರತಿಭಟನೆ ಮಾಡಿದ್ರು, 7 ಜನ ಅಲ್ಲೇ ಗುಂಡಿಗೆ ಸತ್ರು, ಉಳಿದವರ ಕೈ ಹಿಂದಕ್ಕೆ ಕಟ್ಟಿ ಸೇನೆ ಲಾರೀಲಿ ಮೂಟೆ ಥರ ಒಬ್ಬರ ಮೇಲೊಬ್ಬರನ್ನ ಪೇರಿಸಿ ಪಟ್ಟಾನಿ ಕ್ಯಾಂಪಿಗೆ ಸಾಗಿಸಿದ್ರು, ಇಳಿಸೋಷ್ಟರಲ್ಲಿ 78 ಜನ ಉಸಿರುಗಟ್ಟಿ ಸತ್ತಿದ್ರು. ಆಗ ಪ್ರಧಾನಿ ಯಾರು? 2010ರದ್ದಕ್ಕೆ ಕಣ್ಣೀರು ಹಾಕೋರು ಇದಕ್ಕೆ ಯಾಕೆ ಬಾಯಿ ಬಿಡಲ್ಲ ಅನ್ನೋದೇ ನನ್ನ ಪ್ರಶ್ನೆ.

ಕಪ್ಪುಕೋಟು

@ನೇರ_ನುಡಿ_77 ತಾಕ್ ಬಾಯ್ ನೆನಪು ಮಾಡಿದ್ದು ಒಳ್ಳೇದಾಯ್ತು, ಅದರ ಕೊನೆ ಭಾಗ ಬಿಟ್ಟಿದ್ದೀರಿ, ಅಲ್ಲಿಂದ್ಲೇ ಶುರು ಮಾಡ್ತೀನಿ. ಸತ್ತವರ ಮನೆಯವರು ತಾವೇ ಹೋಗಿ ಹಾಕಿದ ಕೇಸನ್ನ ನರಾಥಿವಾಟ್ ಕೋರ್ಟು 2024ರ ಆಗಸ್ಟಲ್ಲಿ ವಿಚಾರಣೆಗೆ ತಗೊಳ್ತು. ಆದ್ರೆ ಅಲ್ಲಿ ಕೊಲೆ ಕೇಸಿಗೂ 20 ವರ್ಷದ ಗಡುವು, ಅಷ್ಟರೊಳಗೆ ಆರೋಪಿ ಕೋರ್ಟ್ ಕಟಕಟೇಲಿ ನಿಲ್ಲಬೇಕು. ಮುಖ್ಯ ಆರೋಪಿಗಳಲ್ಲೊಬ್ಬ ಆಗ ಅಲ್ಲಿನ ಸೇನಾ ಕಮಾಂಡರ್ ಆಗಿದ್ದ ಜನರಲ್ ಪಿಸಾನ್. ಆತ 2024ರಲ್ಲಿ ಏನಾಗಿದ್ದ ಗೊತ್ತಾ, ಥಕ್ಸಿನ್ ಪಕ್ಷ ಫ್ಯೂ ಥಾಯ್‌ನ ಎಂಪಿ! ಚಿಕಿತ್ಸೆಗೆ ಅಂತ ವಿದೇಶಕ್ಕೆ ಹೋದವನು ಬರಲೇ ಇಲ್ಲ, ರಾಜೀನಾಮೆ ಕಳಿಸಿದ. ಅಕ್ಟೋಬರ್ 25ರ ಮಧ್ಯರಾತ್ರಿ ಹನ್ನೆರಡು ಹೊಡೀತು, ಕೇಸು ಸತ್ತು ಹೋಯ್ತು. ಆಗ ಪ್ರಧಾನಿ ಥಕ್ಸಿನ್ ಮಗಳು. ಹಾಗಾಗಿ ನೀವು ಹೇಳಿದ್ದು ಸರಿ, ಈ ಪಾಪ ಯಾವ ಬಣ್ಣದ ಶರ್ಟಿಗೂ ಸೀಮಿತ ಅಲ್ಲ.

ಈಗ 2010. ಮೂಲ ಪ್ರಶ್ನೆ ಕೇಳಿದವರಿಗೆ ಉತ್ತರ ಬೇಕಲ್ಲ, ಸಾವಕಾಶವಾಗಿ ಓದಿ.

ಮೊದಲು, ಸಾವು ಹೇಗಾಯ್ತು ಅಂತ ಹೇಳೋ ವಿಚಾರಣೆ ನಡೀತು. ಇದು ಶಿಕ್ಷೆ ಕೊಡೋ ಕೋರ್ಟಲ್ಲ, ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ವಿಚಾರಣೆ ಅಂತೀವಲ್ಲ ಹಾಗೆ. 2012ರಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಸಾವಿಗೆ ಸೇನೆ ಗುಂಡೇ ಕಾರಣ ಅಂತ ಮೊದಲ ತೀರ್ಪು ಬಂತು. 2013ರ ಆಗಸ್ಟಲ್ಲಿ ದೇವಸ್ಥಾನದ ಆರು ಜನರ ಬಗ್ಗೆ ಬಂತು, ಮೆಟ್ರೋ ಹಳಿ ಮೇಲೆ ನಿಂತಿದ್ದ ಸೈನಿಕರ ಕಡೆಯಿಂದ್ಲೇ ಗುಂಡು ಬಂದಿದ್ದು, ಸತ್ತವರ ಕೈಮೇಲೆ ಮದ್ದಿನ ಗುರುತಿಲ್ಲ ಅಂತ. ಅಂದ್ರೆ ಯಾರು ಕೊಂದ್ರು ಅನ್ನೋದು ಗುಟ್ಟೇನಲ್ಲ, ಕೋರ್ಟ್ ದಾಖಲೇಲೇ ಇದೆ.

ಮುಂದೆ? ಆಗ ಪ್ರಧಾನಿಯಾಗಿದ್ದ ಅಭಿಸಿತ್, ಕಾರ್ಯಾಚರಣೆ ನೋಡ್ಕೊಳ್ತಿದ್ದ ಉಪಪ್ರಧಾನಿ ಸುಥೆಪ್ ಮೇಲೆ ಕೊಲೆ ಆರೋಪ ಹೊರಿಸಿದ್ರು. 2014ರ ಮೇ 22ಕ್ಕೆ ಮತ್ತೆ ಸೇನಾ ದಂಗೆ, ಸೇನೆ ಮುಖ್ಯಸ್ಥ ಪ್ರಯುತ್ ಬಂದು ಕೂತ, ಈತ 2010ರಲ್ಲಿ ಸೇನೆಯ ನಂಬರ್ ಟೂ. ಮೂರು ತಿಂಗಳಿಗೆ ಕ್ರಿಮಿನಲ್ ಕೋರ್ಟು ಇದು ನಮ್ಮ ವ್ಯಾಪ್ತಿ ಅಲ್ಲ, ಅಧಿಕಾರದಲ್ಲಿದ್ದಾಗ ಮಾಡಿದ್ದಕ್ಕೆ ಭ್ರಷ್ಟಾಚಾರ ನಿಗ್ರಹ ಆಯೋಗದ ಮೂಲಕ ಬೇರೆ ಪೀಠಕ್ಕೆ ಹೋಗಬೇಕು ಅಂತ ಕೈ ತೊಳ್ಕೊಂಡಿತು. ಆ ಆಯೋಗ 2015ರ ಡಿಸೆಂಬರಲ್ಲಿ, ಪ್ರತಿಭಟನೇಲಿ ಆಯುಧ ಇದ್ದವರಿದ್ರು, ಇವರು ಕೊಟ್ಟ ಆದೇಶ ಕ್ರಮಬದ್ಧವಾಗೇ ಇತ್ತು, ಯಾವನೋ ಸೈನಿಕ ಹೆಚ್ಚುಕಮ್ಮಿ ಮಾಡಿದ್ರೆ ಅದು ಅವನ ತಲೆ ಮೇಲೆ ಅಂತ ಕೈಬಿಟ್ಟಿತು. 2017ಕ್ಕೆ ಸುಪ್ರೀಂ ಕೋರ್ಟೂ ವ್ಯಾಪ್ತಿ ಇಲ್ಲ ಅನ್ನೋದನ್ನೇ ಎತ್ತಿ ಹಿಡೀತು. ಸರಿ, ಸೈನಿಕನ ತಲೆ ಮೇಲೆ ಅಂದ್ರಲ್ಲ, ಆ ಫೈಲು ಮಿಲಿಟರಿ ಪ್ರಾಸಿಕ್ಯೂಟರ್ ಹತ್ರ ಹೋಯ್ತು, 2019ರಲ್ಲಿ ಅವರು ಸಾಕ್ಷಿ ಇಲ್ಲ ಅಂತ ಮುಚ್ಚಿದ್ರು. ನಮ್ಮ ಕಂದಾಯ ಇಲಾಖೇಲಿ ಫೈಲು ಟೇಬಲ್ ಟೇಬಲ್ ತಿರುಗುತ್ತಲ್ಲ, ಪಹಣಿ ತಿದ್ದುಪಡಿಗೆ ಅಲೆದವರಿಗೆ ಹೇಳೋದೇ ಬೇಡ. ಯಾವ ಟೇಬಲ್ಲೂ ಇಲ್ಲ ಅಂತ ನೇರವಾಗಿ ಹೇಳಲ್ಲ, ಮುಂದಿನ ಟೇಬಲ್ ತೋರಿಸುತ್ತೆ. ನಮ್ಮಲ್ಲೂ ಸರ್ಕಾರಿ ನೌಕರನ ಮೇಲೆ ಕೇಸ್ ನಡೆಸೋಕೆ ಪೂರ್ವಾನುಮತಿ ಬೇಕು ಅನ್ನೋ ಸೆಕ್ಷನ್ ಇದೆ, ಹಾಗಾಗಿ ತುಂಬಾ ನಗೋಕೂ ಆಗಲ್ಲ.

ಇನ್ನೊಂದು ಮುಖ್ಯವಾದ್ದು ಕೇಳಿ. ಈ 2010ರ ಕೊಲೆಗಳ ಫೈಲಿಗೆ ಸಂಬಂಧಪಟ್ಟು ಸರ್ಕಾರದ ಕಡೆಯಿಂದ ಜೈಲಿಗೆ ಹೋದ ಒಬ್ಬ ಮನುಷ್ಯ ಇದ್ದಾನೆ. ಯಾರು ಅಂದ್ಕೊಂಡ್ರಿ? ಥರಿತ್ ಪೆಂಗ್ಡಿತ್. ಆಗಿನ ವಿಶೇಷ ತನಿಖಾ ಇಲಾಖೆ ಮುಖ್ಯಸ್ಥ. ಅಭಿಸಿತ್, ಸುಥೆಪ್ ಮೇಲೆ ಕೊಲೆ ಆರೋಪ ಹೊರಿಸಿದ್ದು ಅಧಿಕಾರ ದುರುಪಯೋಗ ಅಂತ ಅವರಿಬ್ರು ತಿರುಗಿ ಕೇಸು ಹಾಕಿದ್ರು, 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 2 ವರ್ಷ ಜೈಲು ಕೊಡ್ತು. ಆ ಮನುಷ್ಯನೂ ಸಾಚಾ ಏನಲ್ಲ, ಅಭಿಸಿತ್ ಇದ್ದಾಗ ಕೆಂಪಿನವರ ಮೇಲೆ ಭಯೋತ್ಪಾದನೆ ಕೇಸು ಜಡಿದವನೂ ಅವನೇ, ಸರ್ಕಾರ ಬದಲಾದ ಕೂಡಲೇ ದಿಕ್ಕು ಬದಲಾಯಿಸಿದ. ಆದ್ರೂ ನೋಡಿ, ಗುಂಡು ಹೊಡೆದವನಿಗಿಲ್ಲ, ಹೊಡಿ ಅಂದವನಿಗಿಲ್ಲ, ಚಾರ್ಜ್ ಹಾಕಿದವನಿಗೆ ಜೈಲು.

ಹಾಗಂತ ಬಡ ಕೆಂಪು ಶರ್ಟಿನವರು ತಪ್ಪಿಸ್ಕೊಂಡ್ರಾ? ಇಲ್ಲ. ಉಬೋನ್ ರಾಚಥಾನಿಯಲ್ಲಿ ಸರ್ಕಾರಿ ಕಚೇರಿ ಸುಟ್ಟ ಕೇಸಲ್ಲಿ ನಾಲ್ಕು ಜನಕ್ಕೆ 33 ವರ್ಷ ಕೊಟ್ರು. ಸ್ಟೇಜ್ ಮೇಲಿದ್ದ ಲೀಡರ್‌ಗಳಿಗೆ 2019ರಲ್ಲಿ ಭಯೋತ್ಪಾದನೆ ಕೇಸಿಂದ ಖುಲಾಸೆ. ಸೆಂಟ್ರಲ್‌ವರ್ಲ್ಡ್ ಸುಟ್ಟಿದ್ದಕ್ಕೆ ಹಿಡಿದ ಇಬ್ರೂ ಖುಲಾಸೆ.

ನಾನು ಇದನ್ನ ತುಂಬಾ ದಿನದಿಂದ ನೋಡ್ತಾ ಇದ್ದೀನಿ, ನನಗೆ ಅನ್ನಿಸೋದು ಅಲ್ಲಿ ಹಣದ ಕೇಸು ಕೋರ್ಟಿಗೆ ಹೋಗುತ್ತೆ, ಹೆಣದ ಕೇಸು ಹೋಗಲ್ಲ. ಯಾಕಂದ್ರೆ ಹಣದ ಕೇಸಲ್ಲಿ ಎದುರಾಳಿ ಒಬ್ಬನನ್ನೇ ಹೊಡೀಬಹುದು, ಪಕ್ಷ ವಿಸರ್ಜನೆ ಮಾಡಬಹುದು, 2007ರಲ್ಲಿ ಒಂದೇ ಏಟಿಗೆ 111 ಜನರಿಗೆ 5 ವರ್ಷ ರಾಜಕೀಯ ಬಂದ್ ಮಾಡಿದ್ರು. ಹೆಣದ ಕೇಸು ಎಳೆದ್ರೆ ಸೇನೆ ಬರುತ್ತೆ, ಎಲ್ಲರ ಬಾಲವೂ ಅದರಡಿ ಸಿಕ್ಕಿರುತ್ತೆ.

ನೇರ_ನುಡಿ_77

@ಕಪ್ಪುಕೋಟು ಥರಿತ್ ವಿಷ್ಯ ನಂಗೆ ಗೊತ್ತಿರ್ಲಿಲ್ಲ, ಒಪ್ಕೊಂಡೆ. ಆದ್ರೆ ಹಣದ ಕೇಸು ಬರೀ ಎದುರಾಳಿಯನ್ನ ಹೊಡಿಯೋಕೆ ಅನ್ನೋದನ್ನ ಒಪ್ಪಲ್ಲ. ಯಿಂಗ್ಲಕ್ ಅಕ್ಕಿ ಸ್ಕೀಮಲ್ಲಿ ನಡೆದ ಲೂಟಿ ನಿಜವಾದ ಲೂಟಿ. ಅಭಿಸಿತ್ ಕಡೆಯವರು ಮಾಡಿದ್ರೂ ಥಕ್ಸಿನ್ ಕಡೆಯವರು ಮಾಡಿದ್ರೂ ಕಳ್ಳ ಕಳ್ಳನೇ.

ಗಂಗಾವತಿ_ಗಿರಣಿ

ಅಕ್ಕಿ ಅಂತ ಬಂತು ಅಂದಮ್ಯಾಲ ನಾವು ಸುಮ್ನ ಕುಂದ್ರಾಕ ಆಗಂಗಿಲ್ರಿ. ನಮ್ಮದು ರೈಸ್ ಮಿಲ್ ಐತಿ, ಆ ಟೈಮಿನ್ಯಾಗ ವ್ಯಾಪಾರದವರೆಲ್ಲ ಬ್ಯಾಂಕಾಕ್ ರೇಟ್ ನೋಡಿ ಮಾತಾಡೋರು.

ಏನಾತು ಅಂದ್ರ, 2011ರಾಗ ಯಿಂಗ್ಲಕ್ ಗೆದ್ದು ಬಂದ್ಲು, ರೈತರ ಭತ್ತ ಟನ್ನಿಗೆ 15,000 ಬಾತ್ ಕೊಟ್ಟು ಸರ್ಕಾರನ ತಗೋತೈತಿ ಅಂತ ಹೇಳಿದ್ಲು. ಮಾರ್ಕೆಟ್ ರೇಟಿಗಿಂತ ಹೆಚ್ಚು ಕಡಿಮಿ ಒಂದೂವರಿ ಪಟ್ಟು. ಲೆಕ್ಕ ಏನಿತ್ತಂದ್ರ ಜಗತ್ತಿನ್ಯಾಗ ಅಕ್ಕಿ ಮಾರೋರೊಳಗ ನಾವ ದೊಡ್ಡೋರು, ಮಾಲು ಹಿಡಿದಿಟ್ರ ರೇಟ್ ಏರತೈತಿ, ಆಮ್ಯಾಗ ಮಾರೂಣು ಅಂತ. ನಮ್ಮ ಕಡಿ ದಲ್ಲಾಳಿಗಳೂ ಇದನ್ನ ಮಾಡ್ತಾರ, ಗೋಡೌನ್ ಬಾಗಿಲಾ ಹಾಕಿ ಕುಂದ್ರೂದು. ಆದ್ರ ಬಾಜೂ ಅಂಗಡಿಯಾಂವ ಬಾಗಿಲಾ ತಗದ್ರ ಏನ್ ಮಾಡ್ತೀರಿ? ಅದ 2011ರ ಸೆಪ್ಟೆಂಬರಿನ್ಯಾಗ ನಮ್ಮ ಸರ್ಕಾರ ಬಾಸ್ಮತಿ ಅಲ್ಲದ ಅಕ್ಕಿ ಎಕ್ಸ್‌ಪೋರ್ಟಿಗೆ ಇದ್ದ ನಿಷೇಧ ತಗದ್ರು. ಕಾಕಿನಾಡ ಬಂದರಿನ್ಯಾಗ ಲಾರಿ ಸಾಲು ನೋಡಬೇಕಿತ್ತು. 2012ಕ್ಕ ಇಂಡಿಯಾ ನಂಬರ್ ಒನ್, ಥಾಯ್ಲೆಂಡ್ ಕೆಳಗ.

ಅವರ ಗೋಡೌನಿನ್ಯಾಗ ಮಾಲು ಮುಗ್ಗಿ ಹುಳ ಬಿತ್ತು. 2014ರಾಗ ಮಿಲಿಟರಿ ಬಂದಾಗ ಹತ್ರ ಹತ್ರ 1 ಕೋಟಿ 80 ಲಕ್ಷ ಟನ್ ಅಕ್ಕಿ ಕುಂತಿತ್ತು. ಹಳೇ ಅಕ್ಕಿ ಅಂದ್ರ ನಮ್ಮಲ್ಲಿ ರೇಟ್ ಜಾಸ್ತಿ ಖರೆ, ಆದ್ರ ಅದು ವರ್ಷ ಎರಡು ವರ್ಷದ್ದು, ಚೀಲ ಒಡದು ಪುಡಿ ಉದುರೂದಲ್ಲ. ಮ್ಯಾಲ ಇನ್ನೊಂದು, ಚೀನಾ ಸರ್ಕಾರಿ ಕಂಪನಿಗೆ ಮಾರೇವಿ ಅಂತ ಕಾಗದ ತೋರಿಸಿ ಅಕ್ಕಿ ಊರಾಗಿನ ವ್ಯಾಪಾರದವರಿಗೆ ಕೊಟ್ಟಿದ್ರು, ಅದಕ್ಕ ವಾಣಿಜ್ಯ ಮಂತ್ರಿ ಬೂನ್ಸೋಂಗಗ 2017ರಾಗ 42 ವರ್ಷ ಜೈಲು. ಯಿಂಗ್ಲಕ್‌ಗ 5 ವರ್ಷ, ತೀರ್ಪು ಹೇಳೂಕಿಂತ ಮೊದಲ ದೇಶಾನ ಬಿಟ್ಟು ಹೋಗಿದ್ಲು.

ನೇರನುಡಿ ಅವರ, ಲೂಟಿ ಆಗೇತಿ, ಇಲ್ಲ ಅನ್ನಾಂಗಿಲ್ಲ. ಆದ್ರ ನನಗ ಕಾಡೂದು ಬ್ಯಾರೆ. 2014ರ ಜನವರಿ ಫೆಬ್ರವರಿಯಾಗ ಭತ್ತ ಕೊಟ್ಟ ರೈತರಿಗೆ ತಿಂಗಳಾನುಗಟ್ಟಲೆ ರೊಕ್ಕಾನ ಬಂದಿರ್ಲಿಲ್ಲ, ಕೈಯಾಗ ಬರೇ ಚೀಟಿ. ಟ್ರ್ಯಾಕ್ಟರ್ ಕಟಗೊಂಡು ಬ್ಯಾಂಕಾಕ್ ಕಡೆ ಹೊಂಟಿದ್ರು, ಕೆಲವರು ಜೀವಾನ ಕಳಕೊಂಡ್ರು. ಬೀದಿಯಾಗ ಕುಂತ ಸುಥೆಪ್ಪನ ಮಂದಿ ಚುನಾವಣೆ ನಿಲ್ಲಿಸಿ, ಉಸ್ತುವಾರಿ ಸರ್ಕಾರಕ್ಕ ಸಾಲ ಎತ್ತಾಕ ಬಿಡಲಿಲ್ಲ, ಬ್ಯಾಂಕಿನವ್ರೂ ಹೆದರಿ ಹಿಂದ ಸರದ್ರು. ರೈತನ ಚೀಟಿಗೆ ಜವಾಬ್ದಾರಿ ಯಾರು? ಆಕಿನೋ, ಇಂವನೋ? ಎರಡೂ ಪಾರ್ಟಿಯವರು ರೈತನ ಹೆಸರು ಹೇಳಿದ್ರು. ನಮ್ಮಲ್ಲಿ ಮಿಲ್ಲಿನವರು ಚೀಟಿ ಕೊಟ್ಟು ರೊಕ್ಕ ತಡಾ ಮಾಡಿದ್ರ ರೈತ ಅಂಗಳಕ್ಕ ಬಂದು ಕುಂದರ್ತಾನ್ರಿ, ಕಣ್ಣಾಗ ಕಣ್ಣಿಟ್ಟು ಉತ್ತರ ಕೊಡಬೇಕಾಗತೈತಿ. ಅನುಭವಿಸಿದಾಂವ ಹೇಳಾಕತ್ತೀನಿ.

ಸುಮ್ನೆ_ಸುತ್ತೋನು

ಅಯ್ಯೋ ಇಷ್ಟು ಬರೀತೀರ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಒಂದು ಡೌಟು, ಥಕ್ಸಿನ್ ತಂಗೀನೇ ಅಧಿಕಾರಕ್ಕೆ ಬಂದಿದ್ಲಲ್ಲ, 2011ರಿಂದ ಮೂರು ವರ್ಷ ಇದ್ಲು. ಕೆಂಪಿನವರ ಓಟಲ್ಲೇ ಗೆದ್ದವಳು ಅವರ ಸಾವಿಗೆ ನ್ಯಾಯ ಯಾಕೆ ಕೊಡಿಸ್ಲಿಲ್ಲ?

ಸೀಲೋಂ_ಕಾಫಿ

ಇದು ಸರಿಯಾದ ಪ್ರಶ್ನೆ, ನಮ್ಮ ಆಫೀಸಿನ ಟೀ ಮಾಡೋ ಅಕ್ಕ ಇಸಾನಿನವಳು, ಅವಳೂ ಇದನ್ನೇ ಕೇಳ್ತಿದ್ಲು. ಮೊದಲು ದುಡ್ಡು ಕೊಟ್ರು, 2012ರಲ್ಲಿ ಸತ್ತವರ ಮನೆಗೆ 77 ಲಕ್ಷ 50 ಸಾವಿರ ಬಾತ್ ತನಕ. ಅದು ಸಣ್ಣ ಮೊತ್ತ ಅಲ್ಲ, ಒಳ್ಳೇ ಕೆಲ್ಸವೇ. ಆಮೇಲೆ 2013ರ ನವೆಂಬರ್ 1, ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತಿಗೆ ಸಂಸತ್ತಲ್ಲಿ ಕ್ಷಮಾದಾನ ಮಸೂದೆ ಪಾಸ್ ಮಾಡಿದ್ರು, 310-0. ವಿರೋಧ ಪಕ್ಷದವರು ಎದ್ದು ಹೋಗಿದ್ರು. ಬೀದೀಲಿ ಸಿಕ್ಕಾಕ್ಕೊಂಡ ಸಾಮಾನ್ಯ ಜನಕ್ಕೆ ಕ್ಷಮೆ ಅಂತ ಶುರುವಾಗಿದ್ದ ಮಸೂದೆ ಅದು, ಕಮಿಟೀಲಿ ಉಬ್ಬಿಸಿ ಉಬ್ಬಿಸಿ ಥಕ್ಸಿನ್ನಿನ ಭ್ರಷ್ಟಾಚಾರ ಕೇಸೂ ಹೋಗುತ್ತೆ, ಅಭಿಸಿತ್ ಸುಥೆಪ್ ಕೊಲೆ ಕೇಸೂ ಹೋಗುತ್ತೆ, ಸೈನಿಕರದ್ದೂ ಹೋಗುತ್ತೆ ಅನ್ನೋ ಹಾಗೆ ಮಾಡಿದ್ರು. ದೇಶದ ಹೊರಗಿದ್ದ ಅಣ್ಣನ್ನ ಮನೆಗೆ ಕರ್ಕೊಂಡು ಬರೋಕೆ 90 ಹೆಣ ಅಡ ಇಟ್ರು ಅನ್ನೋದು ಬಿಟ್ರೆ ಇದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಹಳದಿಯವರು ಥಕ್ಸಿನ್ ಬರ್ತಾನೆ ಅಂತ ಬೀದಿಗಿಳಿದ್ರು, ಕೆಂಪಿನವರಲ್ಲಿ ಸತ್ತವರ ಅಪ್ಪ ಅಮ್ಮ ಕೊಂದವರನ್ನ ಬಿಡ್ತೀರಾ ಅಂತ ಬೀದಿಗಿಳಿದ್ರು. ಆ ನರ್ಸ್ ಹುಡುಗಿ ಅಮ್ಮ ಕೂಡ ವಿರೋಧಿಸಿದ್ರು. ಎರಡು ಬಣ್ಣದವರೂ ಒಂದೇ ಮಾತು ಬೇಡ ಅಂದಿದ್ದು ನಾನು ಅಲ್ಲಿದ್ದಷ್ಟು ವರ್ಷದಲ್ಲಿ ಅದೊಂದೇ ಸಲ. ಸೆನೆಟ್ ತಿರಸ್ಕರಿಸಿತು, ಆದ್ರೆ ಸುಥೆಪ್ ಮನೆಗೆ ಹೋಗ್ಲಿಲ್ಲ, ಜನವರೀಲಿ ಬ್ಯಾಂಕಾಕ್ ಬಂದ್ ಅಂತ ಶುರು ಮಾಡಿದ. ಅದರಲ್ಲಿ 28 ಜನ ಸತ್ರು. ನಿಮ್ಮಂಥ ಟೂರಿಸ್ಟ್‌ಗಳು ಚಾಕ್ಲೇಟ್ ತಗೊಳ್ಳೋಕೆ ಹೋಗೋ ಬಿಗ್ ಸಿ ಇದ್ಯಲ್ಲ ಮಾಲ್ ಎದುರು, ಅದರ ಮುಂದೆ ಫೆಬ್ರವರಿ 23ಕ್ಕೆ ಗ್ರೆನೇಡ್ ಬಿದ್ದು ಒಂದೇ ಮನೆಯ ಎರಡು ಪುಟ್ಟ ಮಕ್ಕಳು ಸತ್ವು. ಅವತ್ತು ನಮ್ಮ ಟೀ ಅಕ್ಕ ಯಾವ ಬಣ್ಣದ ಬಗ್ಗೆನೂ ಮಾತಾಡ್ಲಿಲ್ಲ.

ಸುಥೆಪ್‌ಗೆ ಇದಕ್ಕೆ 2021ರಲ್ಲಿ 5 ವರ್ಷ ಜೈಲು ಆಯ್ತು, ಆಗ ಮಂತ್ರಿಗಳಾಗಿದ್ದ ಅವನ ಹಳೇ ಜೊತೆಗಾರರು ಕುರ್ಚಿ ಕಳ್ಕೊಂಡ್ರು. ಎರಡು ದಿನಕ್ಕೆ ಜಾಮೀನು ಸಿಕ್ತು. ದಂಗೆ ಮಾಡಿದ ಜನರಲ್‌ಗಳು ಮಾತ್ರ ತಮ್ಮ ಸಂವಿಧಾನದಲ್ಲೇ ತಮಗೆ ಕ್ಷಮಾದಾನ ಬರ್ಕೊಂಡಿದ್ದಾರೆ, ಅವರಿಗೆ ರಾತ್ರಿ ನಾಲ್ಕು ಗಂಟೆ ತನಕ ನಿದ್ದೆಗೆಡೋ ಕರ್ಮ ಇಲ್ಲ.

ಕಪ್ಪುಕೋಟು

ಅದಕ್ಕೆ ಬಾಲಂಗೋಚಿ. ಕ್ಷಮಾದಾನ ಇಲ್ಲದೇನೇ ಅಣ್ಣ ಬಂದ. 2023ರ ಚುನಾವಣೇಲಿ ಮೂವ್ ಫಾರ್ವರ್ಡ್ ಅಂತ ಯುವಕರ ಪಕ್ಷ 151 ಸೀಟು ಗೆದ್ದು ಮೊದಲು ಬಂತು, ಸೇನೆ ನೇಮಿಸಿದ ಸೆನೆಟ್ ಅವರಿಗೆ ಅಡ್ಡಗಾಲು ಹಾಕಿತು, ಫ್ಯೂ ಥಾಯ್ ಅದೇ ಸೇನೆ ಪಕ್ಷಗಳ ಜೊತೆ ಕೂಡಿಕೆ ಮಾಡ್ಕೊಂಡಿತು. ಆಗಸ್ಟ್ 22ಕ್ಕೆ ಥಕ್ಸಿನ್ ಇಳಿದ. 8 ವರ್ಷ ಶಿಕ್ಷೆ ಬಾಕಿ ಇತ್ತು, ರಾಜ 1 ವರ್ಷಕ್ಕೆ ಇಳಿಸಿದ. ಮೊದಲ ರಾತ್ರಿಯೇ ಎದೆನೋವು ಅಂತ ಪೊಲೀಸ್ ಆಸ್ಪತ್ರೆ 14ನೇ ಮಹಡಿಗೆ ಹೋದವನು ಆರು ತಿಂಗಳು ಅಲ್ಲೇ ಇದ್ದು ಪೆರೋಲ್ ಮೇಲೆ ಸೀದಾ ಮನೆಗೆ ಹೋದ, ಸೆಲ್ಲಲ್ಲಿ ಒಂದು ರಾತ್ರಿ ಕಳೀಲಿಲ್ಲ. 2025ರ ಸೆಪ್ಟೆಂಬರ್ 9ಕ್ಕೆ ಸುಪ್ರೀಂ ಕೋರ್ಟ್ ಆಸ್ಪತ್ರೆ ವಾಸ ಲೆಕ್ಕಕ್ಕಿಲ್ಲ, ಒಂದು ವರ್ಷ ಜೈಲಲ್ಲೇ ಕಳಿ ಅಂತ ಕಳಿಸ್ತು. ಇದೂ ಹಣದ ಕೇಸುಗಳಿಗೇ ಆದ ಶಿಕ್ಷೆ. ತಾಕ್ ಬಾಯಿಗೆ 2025ರಲ್ಲಿ ದಕ್ಷಿಣಕ್ಕೆ ಹೋಗಿ ಸಾರಿ ಕೇಳಿದ, ಅಷ್ಟೆ, ಗಡುವು ಮುಗಿದ ನಾಲ್ಕು ತಿಂಗಳಿಗೆ.

ಸುಮ್ನೆ_ಸುತ್ತೋನು

ಪೊಲೀಸ್ ಆಸ್ಪತ್ರೆ ಅಂದ್ರೆ ಎರಾವಾನ್ ಗುಡಿ ಸಿಗ್ನಲ್ ಆಚೆ ಇರೋ ದೊಡ್ಡ ಬಿಲ್ಡಿಂಗಾ? ಈಗ ಮ್ಯಾಪ್ ತೆಗೆದು ನೋಡಿದೆ. ಆಸ್ಪತ್ರೆ, ಪಕ್ಕದಲ್ಲೇ ಪೊಲೀಸ್ ಹೆಡ್ ಆಫೀಸು, ಅದರ ಎದುರಿಗೇ ಆರು ಜನ ಸತ್ತ ದೇವಸ್ಥಾನ, ಮಧ್ಯೆ ಒಂದು ರಸ್ತೆ, ಮೇಲೆ ರೈಲು. ನಾವು ಅದೇ ಸ್ಕೈವಾಕಲ್ಲಿ ನಿಂತು ಐಸ್‌ಕ್ರೀಂ ತಿಂದ್ವಿ. ಅಮ್ಮನ ಫೋಟೋ ಹಿಂದೆ ದೇವಸ್ಥಾನದ ಮರಗಳು ಕಾಣ್ತಿವೆ, ಗೈಡ್ ಫೋಟೋಕ್ಕೆ ಬನ್ನಿ ಅಂದ್ರೆ ಬರದೆ ಆ ಕಡೆ ತಿರುಗಿ ನಿಂತಿದ್ದ.

ಗಂಗಾವತಿ_ಗಿರಣಿ

20 ವರ್ಷದ ಗಡುವು ಅಂದ್ರಲ್ಲ ವಕೀಲ್ರ, ಹಂಗಿದ್ರ 2010ರದ್ದು?

ಕಪ್ಪುಕೋಟು

ದೇವಸ್ಥಾನದ ಆರು ಜನರದ್ದು 2030ರ ಮೇ 19.